ಆ ಕಡೆ ಫೋನ್ ಎತ್ತೋರು ಯಾರು?

2025ರ ಮೇ 5ಕ್ಕೆ ಸ್ಕೈಪ್ ಬಾಗಿಲು ಹಾಕ್ತು. ಫೆಬ್ರವರಿ ಕೊನೆಯಲ್ಲೇ ಮೈಕ್ರೋಸಾಫ್ಟ್ ಹೇಳಿತ್ತು, ಎಲ್ಲರೂ ಟೀಮ್ಸ್‌ಗೆ ಬನ್ನಿ ಅಂತ. ಆಫೀಸಿನಲ್ಲಿ ಊಟ ಮಾಡ್ತಾ ಈ ವಿಷಯ ತೆಗೆದರೆ, ಹೋದ ವರ್ಷ ಕಾಲೇಜು ಮುಗಿಸಿ ಬಂದ ಹುಡುಗನೊಬ್ಬ "ಅದು ಇನ್ನೂ ಇತ್ತಾ?" ಅಂದ. ಎಲ್ಲರೂ ನಕ್ಕರು. ಆಮೇಲೆ ಮಾಮೂಲಿ ಚರ್ಚೆ. ಮೈಕ್ರೋಸಾಫ್ಟ್ ಹಾಳು ಮಾಡ್ತು ಅಂತ ಒಬ್ಬರು, ಝೂಮ್ ಚೆನ್ನಾಗಿತ್ತು ಅದಕ್ಕೇ ಗೆದ್ದಿತು ಅಂತ ಇನ್ನೊಬ್ಬರು. ಮೂರನೆಯವರು ಮೊಬೈಲ್ ತೆಗೆದು ಯಾವ ಆ್ಯಪ್‌ಗೆ ಎಷ್ಟು ಕೋಟಿ ಬಳಕೆದಾರರು ಅನ್ನೋ ಪಟ್ಟಿ ಓದೋಕೆ ಶುರು ಮಾಡಿದರು.

ನನಗೆ ಆ ಪಟ್ಟಿಗಳ ಮೇಲೆ ಅಷ್ಟಾಗಿ ನಂಬಿಕೆ ಇಲ್ಲ. ಯಾಕೆ ಅಂತ ಹೇಳ್ತೀನಿ. 2010ರಲ್ಲಿ ಸ್ಕೈಪ್ ಷೇರು ಮಾರುಕಟ್ಟೆಗೆ ಬರೋಕೆ ಹೊರಟು ಅಮೆರಿಕದ ಸರ್ಕಾರಕ್ಕೆ ಕಾಗದಪತ್ರ ಸಲ್ಲಿಸಿತ್ತು. ಅದರ ಪ್ರಕಾರ ನೋಂದಾಯಿಸಿದವರು 56 ಕೋಟಿ. ತಿಂಗಳಲ್ಲಿ ಒಮ್ಮೆಯಾದರೂ ಬಂದು ಹೋಗುವವರು 12.4 ಕೋಟಿ. ದುಡ್ಡು ಕೊಡುವವರು 81 ಲಕ್ಷ. ಒಂದೇ ಕಂಪನಿ, ಒಂದೇ ವರ್ಷ, ಮೂರು ಸಂಖ್ಯೆ. ಯಾವುದನ್ನ ಇಟ್ಕೊಂಡು ಹೋಲಿಸ್ತೀರಿ? ಹತ್ತು ವರ್ಷ ಬಿಟ್ಟು ಝೂಮ್ ಕೂಡ ಹೀಗೇ ಎಡವಿತು. 2020ರ ಏಪ್ರಿಲ್‌ನಲ್ಲಿ ದಿನಕ್ಕೆ 30 ಕೋಟಿ ಬಳಕೆದಾರರು ಅಂತ ಹೇಳಿ, ಆಮೇಲೆ ಅದನ್ನ "ಮೀಟಿಂಗಿನಲ್ಲಿ ಪಾಲ್ಗೊಂಡವರು" ಅಂತ ತಿದ್ದಿಕೊಂಡಿತು. ಒಬ್ಬನೇ ದಿನಕ್ಕೆ ಐದು ಮೀಟಿಂಗಿಗೆ ಹೋದರೆ ಐದು ಸಲ ಎಣಿಕೆ. ನಮ್ಮಂಥವರು ಒಬ್ಬೊಬ್ಬರೂ ಒಂದು ಸಣ್ಣ ಹಳ್ಳಿಗೆ ಸಮ ಆಗಿಬಿಟ್ಟಿದ್ವಿ!

ಸಂಖ್ಯೆ ಸರಿಯಾಗಿದ್ದರೂ ಇನ್ನೊಂದು ತೊಂದರೆ ಇದೆ. ಈ ಲೆಕ್ಕಗಳಲ್ಲೆಲ್ಲ ಆ್ಯಪ್ ಹಾಕಿಕೊಂಡು ಕರೆ ಮಾಡುವವನು ಇದ್ದಾನೆ. ಆ ಕಡೆ ಎತ್ತುವವರು ಯಾರು, ಎತ್ತೋಕೆ ಅವರು ಏನೇನು ಮಾಡಬೇಕು ಅನ್ನೋದು ಎಲ್ಲೂ ಇಲ್ಲ. ಇಂಟರ್ನೆಟ್ ಕರೆಯ ಮೂವತ್ತು ವರ್ಷದ ಕತೆಯಲ್ಲಿ ಗೆದ್ದವರು, ಬಿದ್ದವರು ಎಲ್ಲರ ಹಣೆಬರಹ ನಿರ್ಧಾರ ಆಗಿದ್ದು ಆ ತುದಿಯಲ್ಲೇ ಅನ್ನೋದು ನನ್ನ ವಾದ.

ಮೊದಲಿಂದ ಬರೋಣ. 1995ರ ಫೆಬ್ರವರಿಯಲ್ಲಿ ಇಸ್ರೇಲಿನ ವೋಕಲ್‌ಟೆಕ್ ಅನ್ನೋ ಕಂಪನಿ 'ಇಂಟರ್ನೆಟ್ ಫೋನ್' ಅಂತ ಒಂದು ಸಾಫ್ಟ್‌ವೇರ್ ಮಾರಾಟಕ್ಕೆ ಬಿಟ್ಟಿತು. ಮನೆ ಕಂಪ್ಯೂಟರಿಗೆ ಮೈಕು, ಸ್ಪೀಕರು ಸಿಕ್ಕಿಸಿ, ಮೋಡೆಮ್ ಮೂಲಕ ಜಗತ್ತಿನ ಇನ್ನೊಂದು ಮೂಲೆಗೆ ಮಾತಾಡೋದು. ಮೊದಮೊದಲು ವಾಕಿಟಾಕಿ ಥರ, ಒಬ್ಬರು ಮುಗಿಸಿದ ಮೇಲೆ ಇನ್ನೊಬ್ಬರು. ಆ ಕಡೆಯವರ ಹತ್ತಿರವೂ ಅದೇ ಸಾಫ್ಟ್‌ವೇರ್ ಇರಬೇಕು, ಅದೇ ಹೊತ್ತಿಗೆ ಅವರೂ ಆನ್‌ಲೈನ್ ಇರಬೇಕು. ಇಷ್ಟೆಲ್ಲ ಕಷ್ಟ ಇದ್ದರೂ ಟೆಲಿಫೋನ್ ಕಂಪನಿಗಳು ಬೆದರಿದವು. 1996ರ ಮಾರ್ಚ್‌ನಲ್ಲಿ ಅಮೆರಿಕದ ನೂರಕ್ಕೂ ಹೆಚ್ಚು ಸಣ್ಣ ದೂರವಾಣಿ ಕಂಪನಿಗಳ ಸಂಘ ಸರ್ಕಾರಕ್ಕೆ ಅರ್ಜಿ ಹಾಕಿತು, ಈ ಸಾಫ್ಟ್‌ವೇರ್ ಮಾರೋದನ್ನೇ ನಿಲ್ಲಿಸಿ ಅಂತ. ಅಮೆರಿಕ ನಿಲ್ಲಿಸಲಿಲ್ಲ.

ನಿಲ್ಲಿಸಿದ್ದು ನಾವು. ನಮ್ಮಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಬಂದಿದ್ದು 1995ರ ಆಗಸ್ಟ್ 15ಕ್ಕೆ, ವಿಎಸ್‌ಎನ್‌ಎಲ್ ಮೂಲಕ. ವಿದೇಶದ ಕರೆಗಳಿಗೂ ಅದೇ ವಿಎಸ್‌ಎನ್‌ಎಲ್ ಏಕಸ್ವಾಮಿ. ಅಮೆರಿಕಕ್ಕೆ ಒಂದು ನಿಮಿಷ ಮಾತಾಡಿದರೆ ಐವತ್ತು ರೂಪಾಯಿಗೂ ಮೇಲೆ ಬರ್ತಿದ್ದ ಕಾಲ ಅದು. ಬಂಗಾರದ ಮೊಟ್ಟೆ ಇಡೋ ಕೋಳಿನ ಯಾರು ತಾನೇ ಬಿಟ್ಕೊಡ್ತಾರೆ? 1999ರ ಟೆಲಿಕಾಂ ನೀತಿಯಲ್ಲೂ ಇಂಟರ್ನೆಟ್ ಟೆಲಿಫೋನಿಗೆ ಸದ್ಯಕ್ಕೆ ಅನುಮತಿ ಇಲ್ಲ ಅಂತಲೇ ಇತ್ತು. ಅನುಮತಿ ಸಿಕ್ಕಿದ್ದು 2002ರ ಏಪ್ರಿಲ್ 1ಕ್ಕೆ. ವಿಎಸ್‌ಎನ್‌ಎಲ್‌ನ ಏಕಸ್ವಾಮ್ಯ ಮುಗಿದಿದ್ದೂ ಅವತ್ತೇ. ಅದರಲ್ಲೂ ಒಂದು ಕೊಕ್ಕೆ ಇತ್ತು: ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಮಾತಾಡಬಹುದು, ಕಂಪ್ಯೂಟರಿನಿಂದ ವಿದೇಶದ ಫೋನಿಗೆ ಮಾತಾಡಬಹುದು, ಆದರೆ ಕಂಪ್ಯೂಟರಿನಿಂದ ನಮ್ಮದೇ ದೇಶದ ಫೋನಿಗೆ ಮಾಡೋ ಹಾಗಿಲ್ಲ. ಅಂದರೆ ಬೆಂಗಳೂರಿನ ಸೈಬರ್ ಕೆಫೆಯಲ್ಲಿ ಕೂತು ಚಿಕಾಗೋದಲ್ಲಿರೋ ಮಗನ ಫೋನಿಗೆ ಮಾಡಬಹುದಿತ್ತು. ಅರಸೀಕೆರೆಯಲ್ಲಿರೋ ಅಪ್ಪನ ಫೋನಿಗೆ ಆಗ್ತಿರಲಿಲ್ಲ.

ನಮ್ಮೂರು ಅರಸೀಕೆರೆ ಕಡೆ. ಎಸ್‌ಟಿಡಿ ಬೂತ್ ಇದ್ದಿದ್ದು ಪಕ್ಕದ ಹೋಬಳಿ ಊರಿನಲ್ಲಿ. ಗಾಜಿನ ಗೂಡು, ಮೇಲೆ ಕೆಂಪು ಅಂಕಿ ಓಡೋ ಮೀಟರು. ಮಾತಿಗಿಂತ ಆ ಅಂಕಿ ಕಡೆಗೇ ಎಲ್ಲರ ಕಣ್ಣು. ಇಂಥ ದೇಶಕ್ಕೆ ಪುಕ್ಕಟೆ ಕರೆ ಅನ್ನೋದು ಬಂದಾಗ ಜನ ಮುಗಿಬಿದ್ದರು ಅಂತ ಅಂದುಕೊಳ್ಳಬಹುದು. ಬಿದ್ದವರು ಕಂಪ್ಯೂಟರ್ ಇದ್ದವರು ಮಾತ್ರ.

2003ರ ಆಗಸ್ಟ್ 29ಕ್ಕೆ ಸ್ಕೈಪ್ ಬಂತು. ಸ್ವೀಡನ್ನಿನ ನಿಕ್ಲಾಸ್ ಝೆನ್‌ಸ್ಟ್ರೋಮ್, ಡೆನ್ಮಾರ್ಕಿನ ಯಾನಸ್ ಫ್ರೀಸ್ ಇಬ್ಬರೂ ಸೇರಿ ಕಟ್ಟಿದ್ದು. ಕೋಡ್ ಬರೆದಿದ್ದು ಎಸ್ಟೋನಿಯಾದ ಟಾಲಿನ್‌ನಲ್ಲಿ ಕೂತ ಹುಡುಗರು. ಇದಕ್ಕೆ ಮುಂಚೆ ಇದೇ ಗುಂಪು ಕಝಾ ಮಾಡಿತ್ತು, ಹಾಡು-ಸಿನಿಮಾ ಕದ್ದು ಹಂಚಿಕೊಳ್ಳೋ ಸಾಫ್ಟ್‌ವೇರು. ಅದರ ಉಪಾಯವನ್ನೇ ಇಲ್ಲೂ ತಂದರು. ದೊಡ್ಡ ಸರ್ವರ್ ಬೇಡ, ಬಳಸುವವರ ಕಂಪ್ಯೂಟರುಗಳೇ ಒಂದಕ್ಕೊಂದು ಕೈ ಹಿಡಿದು ಜಾಲ ಆಗಲಿ. ಒಳ್ಳೆ ಸಂಪರ್ಕ ಇರೋ ಕೆಲವು ಕಂಪ್ಯೂಟರುಗಳು, ಮಾಲೀಕನಿಗೆ ಗೊತ್ತೇ ಆಗದ ಹಾಗೆ, ಉಳಿದವರಿಗೆ ದಾರಿ ತೋರಿಸೋ ಕೆಲಸ ಮಾಡ್ತಿದ್ದವು. ಊರಲ್ಲಿ ಒಬ್ಬರ ಮನೆ ಫೋನ್ ಹತ್ತು ಮನೆಗೆ ಆಗ್ತಿರಲಿಲ್ವಾ, ಹಾಗೆ. ಇದರಿಂದ ಎರಡು ಲಾಭ ಆಯ್ತು. ಕಂಪನಿಗೆ ಖರ್ಚು ಕಮ್ಮಿ. ಅದಕ್ಕಿಂತ ಮುಖ್ಯವಾಗಿ, ಆಫೀಸಿನ ಫೈರ್‌ವಾಲು, ಮನೆಯ ರೂಟರು ಇವನ್ನೆಲ್ಲ ದಾಟಿ ಕರೆ ಹೋಗ್ತಿತ್ತು. ಆವರೆಗೆ ಬಂದ ಎಷ್ಟೋ ಸೇವೆಗಳು ಈ ಗೋಡೆಗೆ ತಲೆ ಚಚ್ಚಿಕೊಂಡು ಸೋತಿದ್ದವು. ಪೋರ್ಟ್ ತೆರೆಯೋದು ಹೇಗೆ ಅಂತ ಬಳಕೆದಾರನಿಗೆ ಪಾಠ ಮಾಡಬೇಕಾಗ್ತಿತ್ತು. ಸ್ಕೈಪ್ ಅದನ್ನ ತೆಗೆದುಹಾಕ್ತು.

ಧ್ವನಿಯ ಗುಣಮಟ್ಟದಿಂದ ಗೆದ್ದಿತು ಅನ್ನೋದು ಅರ್ಧ ನಿಜ. ಆ ಧ್ವನಿಯ ಇಂಜಿನನ್ನ ಸ್ಕೈಪ್ ಶುರುವಿನಲ್ಲಿ ಗ್ಲೋಬಲ್ ಐಪಿ ಸೌಂಡ್ ಅನ್ನೋ ಕಂಪನಿಯಿಂದ ತಂದಿತ್ತು. ಯಾಹೂ, ಗೂಗಲ್‌ಗಳೂ ಅದೇ ಅಂಗಡಿಯ ಗಿರಾಕಿಗಳು. ಒಂದೇ ಗಿರಣಿಯ ಹಿಟ್ಟು, ರೊಟ್ಟಿ ಬೇರೆ ಬೇರೆ. ಯಾಹೂ ಮೆಸೆಂಜರ್ ಸ್ಕೈಪ್‌ಗಿಂತ ಐದು ವರ್ಷ ಹಿರಿದು, ಕಾಲೇಜು ಹುಡುಗರೆಲ್ಲ ಅಲ್ಲೇ ಇದ್ದರು. 2005ರಲ್ಲಿ ಗೂಗಲ್ ಟಾಕ್ ಬಂತು, 2008ರಲ್ಲಿ ಜಿಮೇಲ್ ಒಳಗೇ ವಿಡಿಯೋ ಬಂತು. ಆದರೂ 'ಸ್ಕೈಪ್ ಮಾಡು' ಅನ್ನೋದೇ ಕ್ರಿಯಾಪದ ಆಯ್ತು. ಅಮೆರಿಕದ ಗಂಡು ಬಸವನಗುಡಿಯ ಹೆಣ್ಣನ್ನ ನೋಡಿದ್ದು ಸ್ಕೈಪಿನಲ್ಲಿ. ಇಂಟರ್‌ವ್ಯೂ ಸ್ಕೈಪಿನಲ್ಲಿ. ಟೆಲಿಜಿಯಾಗ್ರಫಿ ಸಂಸ್ಥೆಯ ಲೆಕ್ಕದ ಪ್ರಕಾರ 2013ರಲ್ಲಿ ಜನ ದೇಶದಿಂದ ದೇಶಕ್ಕೆ ಸ್ಕೈಪಿನಲ್ಲಿ ಮಾತಾಡಿದ್ದು 21,400 ಕೋಟಿ ನಿಮಿಷ, ಜಗತ್ತಿನ ಎಲ್ಲ ಟೆಲಿಫೋನ್ ಕಂಪನಿಗಳ ಅಂತರರಾಷ್ಟ್ರೀಯ ಕರೆಯ ಸುಮಾರು ಶೇ 40ರಷ್ಟು. ಜನಪ್ರಿಯತೆ ಅಳೆಯೋಕೆ ನನಗೆ ಒಪ್ಪಿಗೆಯಾಗೋ ಸಂಖ್ಯೆ ಇದೊಂದೇ. ನಿಮಿಷದ ಲೆಕ್ಕದಲ್ಲಿ ಎರಡೂ ಕಡೆಯವರು ಇರಲೇಬೇಕಲ್ಲ.

ಆ 21,400 ಕೋಟಿಯಲ್ಲಿ ನಮ್ಮ ಮನೆಯದ್ದೂ ಒಂದಷ್ಟು ಇದೆ. ದೊಡ್ಡಮ್ಮನ ಮಗ, ನಮ್ಮಣ್ಣ, ನ್ಯೂಜೆರ್ಸಿಯಲ್ಲಿದ್ದ. ನಾನು 2012ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಲ್ಯಾಪ್‌ಟಾಪ್ ತಗೊಂಡೆ, ಜೊತೆಗೊಂದು ಡಾಂಗಲ್. ಊರಿಗೆ ಹೋದಾಗ ಭಾನುವಾರ ಬೆಳಗ್ಗೆ ಏಳು ಗಂಟೆಗೆ, ಅಲ್ಲಿ ಶನಿವಾರ ರಾತ್ರಿ, ಅಣ್ಣ ಕಾಯ್ತಾ ಇರ್ತಿದ್ದ. ಒಳಗೆ ಸಿಗ್ನಲ್ ಸಿಗಲ್ಲ. ಜಗಲಿ ಮೇಲೆ ಕುರ್ಚಿ, ಕುರ್ಚಿ ಮೇಲೆ ಲ್ಯಾಪ್‌ಟಾಪ್, ಡಾಂಗಲ್‌ಗೆ ಉದ್ದದ ಯುಎಸ್‌ಬಿ ವೈರು ಹಾಕಿ ಕಿಟಕಿ ಸರಳಿಗೆ ಕಟ್ಟಿರ್ತಿದ್ದೆ. ದೊಡ್ಡಮ್ಮ ಶನಿವಾರ ಸಂಜೆಯೇ ಕೇಳೋರು, "ನಾಳೆ ಬತ್ತಾನೇನ್ಲಾ ಪೆಟ್ಗೇಲಿ?" ಚಿತ್ರ ನಿಂತು ನಿಂತು ಬರೋದು. ಅವರು ಅಣ್ಣನ ಮುಖ ನಿಂತಾಗೆಲ್ಲ ಮಾತು ನಿಲ್ಲಿಸಿ ಕಾಯೋರು, ಧ್ವನಿ ಬರ್ತಿದ್ದರೂ. ಮುಖ ಅಲ್ಲಾಡದೆ ಮಾತಾಡೋದು ಅವರಿಗೆ ಸರಿ ಬರ್ತಿರಲಿಲ್ಲ.

ದೊಡ್ಡಮ್ಮನ ಹೆಸರಿನಲ್ಲಿ ಒಂದು ಸ್ಕೈಪ್ ಐಡಿ ಮಾಡಿದ್ದೆ. ಇಂಗ್ಲಿಷ್ ಅಕ್ಷರ, ಕೊನೆಗೆ ಮೂರು ಅಂಕಿ. ಪಾಸ್‌ವರ್ಡ್ ನನ್ನ ಹತ್ತಿರ. ಆ ಐಡಿ ಅವರದ್ದು ಅಂತ ಜಗತ್ತಿನಲ್ಲಿ ಗೊತ್ತಿದ್ದಿದ್ದು ಇಬ್ಬರಿಗೆ, ನನಗೂ ಅಣ್ಣನಿಗೂ. ಅವರಿಗೇ ಗೊತ್ತಿರಲಿಲ್ಲ. ಸ್ಕೈಪ್‌ನ ಲೆಕ್ಕದಲ್ಲಿ ಅವರು ಒಬ್ಬ ನೋಂದಾಯಿತ ಬಳಕೆದಾರರು. ನಾನು ಊರಿಗೆ ಹೋಗದ ಭಾನುವಾರ ಅವರಿಗೆ ಮಗನ ಮುಖ ಇಲ್ಲ.

ಸ್ಕೈಪ್‌ಗೂ ಈ ತೊಡಕು ಗೊತ್ತಿತ್ತು. 2004ರಲ್ಲೇ ಸ್ಕೈಪ್‌ಔಟ್ ತಂದರು. ಆ ಕಡೆಯವರ ಹತ್ತಿರ ಕಂಪ್ಯೂಟರ್ ಇಲ್ಲದಿದ್ದರೂ ಪರವಾಗಿಲ್ಲ, ಸ್ವಲ್ಪ ದುಡ್ಡು ಕೊಟ್ಟು ಅವರ ಮಾಮೂಲಿ ಫೋನಿಗೇ ಮಾಡಿ. ಕಂಪನಿಗೆ ಆದಾಯ ಬಂದಿದ್ದು ಹೆಚ್ಚಾಗಿ ಇದರಿಂದಲೇ. ಆದರೆ ಈ ಬಾಗಿಲು ಆಯಾ ದೇಶದ ಕಾನೂನಿನ ಕೈಯಲ್ಲಿತ್ತು. ಭಾರತದಿಂದ ಭಾರತದ ನಂಬರಿಗೆ ಕರೆ ಮಾಡೋದನ್ನ ಸ್ಕೈಪ್ 2014ರ ನವೆಂಬರ್ 10ರಿಂದ ನಿಲ್ಲಿಸಿತು. ಈ ನಡುವೆ ಕಂಪನಿ ಕೈಯಿಂದ ಕೈಗೆ ಹೋಗ್ತಾನೇ ಇತ್ತು. 2005ರಲ್ಲಿ ಇಬೇ 260 ಕೋಟಿ ಡಾಲರಿಗೆ ಕೊಂಡು, ಎರಡೇ ವರ್ಷಕ್ಕೆ 140 ಕೋಟಿ ನಷ್ಟ ಬರಕೊಂಡಿತು. ಹರಾಜಿನ ಅಂಗಡಿಯವರಿಗೆ ಫೋನ್ ಯಾಕೆ ಬೇಕಿತ್ತೋ ಅವರನ್ನೇ ಕೇಳಬೇಕು. 2011ರಲ್ಲಿ ಮೈಕ್ರೋಸಾಫ್ಟ್ 850 ಕೋಟಿ ಕೊಟ್ಟಿತು.

ಅಷ್ಟೊತ್ತಿಗೆ ಆಟದ ಅಂಗಳವೇ ಬೇರೆ ಆಗಿತ್ತು. 2010ರ ಕೊನೆಗೆ ಬಂದ ವೈಬರ್ ಒಂದು ಸಣ್ಣ ಬದಲಾವಣೆ ಮಾಡಿತು. ಐಡಿ ಬೇಡ, ಪಾಸ್‌ವರ್ಡ್ ಬೇಡ, ನಿಮ್ಮ ಮೊಬೈಲ್ ನಂಬರೇ ನಿಮ್ಮ ಹೆಸರು. ಫೋನಿನಲ್ಲಿ ಯಾರ ನಂಬರ್ ಇದೆಯೋ ಅವರಲ್ಲಿ ಯಾರ್ಯಾರು ವೈಬರ್‌ನಲ್ಲಿದ್ದಾರೆ ಅಂತ ಅದೇ ಹುಡುಕಿಕೊಳ್ತಿತ್ತು. ವಾಟ್ಸಾಪ್ ಸಂದೇಶಕ್ಕೆ ಇದೇ ದಾರಿ ಹಿಡಿದಿತ್ತು. 2014ರ ಫೆಬ್ರವರಿಯಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರ್ ಕೊಡ್ತೀನಿ ಅಂದಾಗ ವಾಟ್ಸಾಪ್‌ನಲ್ಲಿ ಕರೆ ಮಾಡೋ ಸೌಲಭ್ಯವೇ ಇರಲಿಲ್ಲ. ಇದ್ದಿದ್ದು 45 ಕೋಟಿ ಜನರ ನಂಬರ್ ಪುಸ್ತಕ, ಮತ್ತೆ ದಿನವಿಡೀ ಆನ್ ಆಗಿರೋ ಫೋನುಗಳು. ಕರೆ ಬಂದಿದ್ದು 2015ರ ವಸಂತದಲ್ಲಿ. ಒಂದು ವರ್ಷ ಕಳೆದು 2016ರ ಜೂನ್‌ಗೆ ದಿನಕ್ಕೆ ಹತ್ತು ಕೋಟಿ ಕರೆ. ಶುರುವಿನಲ್ಲಿ ಗುಣಮಟ್ಟ ಸ್ಕೈಪ್‌ಗಿಂತ ಚೆನ್ನಾಗಿತ್ತಾ? ಖಂಡಿತ ಇರಲಿಲ್ಲ. ಬಳಸಿದವರಿಗೆ ನೆನಪಿರುತ್ತೆ, "ಕೇಳಿಸ್ತಿದೆಯಾ, ಕೇಳಿಸ್ತಿದೆಯಾ" ಅನ್ನೋದರಲ್ಲೇ ಅರ್ಧ ಕಾಲ್ ಮುಗೀತಿತ್ತು. ಆದರೆ ಆ ಕಡೆಯವರು ಎತ್ತೋಕೆ ಏನೂ ಕಲಿಯಬೇಕಾಗಿರಲಿಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ಎರಡು ತಿರುವು ಸಿಕ್ಕವು. 2014ರ ಡಿಸೆಂಬರ್ ಕೊನೆ ವಾರ ಏರ್‌ಟೆಲ್, ಇಂಟರ್ನೆಟ್ ಕರೆಗೆ ಬೇರೆಯೇ ಪ್ಯಾಕ್ ಹಾಕಿಸಬೇಕು ಅಂತ ಪ್ರಕಟಿಸಿತು. ಗಲಾಟೆ ಆಗಿ ಕೆಲವೇ ದಿನದಲ್ಲಿ ಹಿಂದೆ ಸರಿಯಿತು. ಮಾರನೇ ವರ್ಷ ಟ್ರಾಯ್ ಅಭಿಪ್ರಾಯ ಕೇಳಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಇಮೇಲ್ ಹೋದವು. ಓದುಗರಲ್ಲಿ ಕೆಲವರು ಕಳಿಸಿರ್ತೀರಿ, ನಾನೂ ಒಂದು ಕಳಿಸಿದ್ದೆ. 2016ರ ಫೆಬ್ರವರಿ 8ಕ್ಕೆ ಟ್ರಾಯ್, ಡೇಟಾದಲ್ಲಿ ಏನು ನೋಡ್ತೀರಿ ಅನ್ನೋದರ ಮೇಲೆ ಬೇರೆ ಬೇರೆ ದರ ಹಾಕೋ ಹಾಗಿಲ್ಲ ಅಂತ ನಿಯಮ ಮಾಡಿತು. ಎರಡನೆಯದು ಅದೇ ವರ್ಷ ಸೆಪ್ಟೆಂಬರ್ 5ಕ್ಕೆ ಬಂದ ಜಿಯೋ. ಡೇಟಾ ಪುಕ್ಕಟೆ. ವಾಟ್ಸಾಪ್‌ಗೆ ವಿಡಿಯೋ ಕರೆ ಬಂದಿದ್ದು ನವೆಂಬರ್‌ನಲ್ಲಿ. ಇವೆರಡೂ ಒಂದೇ ಚಳಿಗಾಲದಲ್ಲಿ ಕೂಡಿಕೊಂಡವು. ಇನ್ನೊಂದು ತಮಾಷೆ ನೋಡಿ: ಜಿಯೋಗೆ ಹಳೆಯ 2ಜಿ, 3ಜಿ ಜಾಲ ಇಲ್ಲದ್ದರಿಂದ ಅದರ ಮಾಮೂಲಿ ಕರೆಯೂ ಡೇಟಾ ಪ್ಯಾಕೆಟ್ ಆಗಿಯೇ ಹೋಗುತ್ತೆ. 2002ರವರೆಗೆ ಕಾನೂನುಬಾಹಿರ ಆಗಿದ್ದ ತಂತ್ರವೇ ಈಗ ಮಾಮೂಲಿ ಫೋನ್.

2017ರ ಸಂಕ್ರಾಂತಿಗೆ ಊರಿಗೆ ಬಂದ ಅಣ್ಣ ದೊಡ್ಡಮ್ಮನಿಗೆ ಒಂದು ಫೋನ್ ಕೊಡಿಸಿ ಹೋದ. ವಾಪಸ್ ಹೋಗಿ ಮಾಡಿದ ಮೊದಲ ವಿಡಿಯೋ ಕಾಲ್ ಬಂದಾಗ ಅವರು ಕೊಟ್ಟಿಗೆಯಲ್ಲಿದ್ದರಂತೆ. ಕೈ ಒರೆಸಿಕೊಂಡು, ಹಸಿರು ಗುಂಡಿ ಎಳೆದು, ಮಗನಿಗೆ ಹೊಸ ಕರು ತೋರಿಸಿದ್ದಾರೆ. ನನಗೆ ಇದು ಗೊತ್ತಾಗಿದ್ದು ಎರಡು ದಿನ ಬಿಟ್ಟು. ಸಂತೋಷವೇ ಆಯ್ತು, ಆದರೆ ನನ್ನ ಕೆಲಸ ಹೋಯ್ತು ಅಂತಲೂ ಅನ್ನಿಸ್ತು.

ಎಲ್ಲ ಕಡೆ ವಾಟ್ಸಾಪೇ ಗೆದ್ದಿತು ಅಂದುಕೊಳ್ಳಬೇಡಿ. ಜಪಾನಿನಲ್ಲಿ ಲೈನ್, ಕೊರಿಯಾದಲ್ಲಿ ಕಾಕಾವೋ, ಚೀನಾದಲ್ಲಿ ವೀಚಾಟ್, ಬಲ್ಗೇರಿಯಾ, ಸರ್ಬಿಯಾ ಕಡೆ ಈಗಲೂ ವೈಬರ್. ಅಕ್ಕಪಕ್ಕದವರು ಯಾವುದರಲ್ಲಿ ಇದ್ದಾರೋ ಅದರಲ್ಲೇ ಇರಬೇಕು, ಅಷ್ಟೇ. ನಮ್ಮ ಕರಾವಳಿಯವರಿಗೆ ಇದು ಇನ್ನೂ ಚೆನ್ನಾಗಿ ಗೊತ್ತು. ಯುಎಇಯಲ್ಲಿ ವಾಟ್ಸಾಪ್‌ನಲ್ಲಿ ಸಂದೇಶ ಹೋಗುತ್ತೆ, ಕರೆ ಹೋಗಲ್ಲ. 2018ರ ಶುರುವಿನಲ್ಲಿ ಸ್ಕೈಪ್ ಕೂಡ ನಿಂತಿತು. ಅಲ್ಲಿನ ಎರಡು ಟೆಲಿಕಾಂ ಕಂಪನಿಗಳು ಬೋಟಿಮ್‌ನಂಥ ಒಪ್ಪಿತ ಆ್ಯಪ್‌ಗಳಿಗೆ ತಿಂಗಳಿಗೆ 50 ದಿರ್ಹಂ ಪ್ಯಾಕ್ ಇಟ್ಟವು. ಹಾಗಾಗಿ ಭಟ್ಕಳದಲ್ಲೋ ಉಡುಪಿಯಲ್ಲೋ ಇರೋ ತಾಯಿಯ ಫೋನಿನಲ್ಲೂ ಬೋಟಿಮ್ ಇರಬೇಕು. ಅವರು ಅದನ್ನ ಆರಿಸಿಕೊಂಡವರಲ್ಲ. ದುಬೈಯ ಕಾನೂನು ಅವರ ಅಡುಗೆಮನೆವರೆಗೆ ಬಂದಿದೆ. ಆದರೂ 'ಡೌನ್‌ಲೋಡ್' ಲೆಕ್ಕದಲ್ಲಿ ಅವರು ಒಬ್ಬ ಮೆಚ್ಚಿಕೊಂಡ ಗ್ರಾಹಕಿ.

2020ರಲ್ಲಿ ಸ್ಕೈಪ್‌ಗೆ ಕೊನೆಯ ಅವಕಾಶ ಒಂದು ಬಂತು. ಜಗತ್ತೆಲ್ಲ ಮನೆಯಲ್ಲಿ ಕೂತು ವಿಡಿಯೋ ಕರೆ ಹುಡುಕ್ತಿದ್ದಾಗ ಆ ಮಾರ್ಚ್‌ನಲ್ಲಿ ಸ್ಕೈಪ್ ಬಳಸಿದವರು ದಿನಕ್ಕೆ ನಾಲ್ಕು ಕೋಟಿ. ಗೆದ್ದಿದ್ದು ಝೂಮ್. ಏಪ್ರಿಲ್‌ನಲ್ಲಿ ನಮ್ಮ ಗೃಹ ಸಚಿವಾಲಯವೇ ಝೂಮ್ ಸುರಕ್ಷಿತ ಅಲ್ಲ ಅಂತ ಎಚ್ಚರಿಸಿದರೂ ಮೇಷ್ಟ್ರುಗಳು ಬಿಡಲಿಲ್ಲ. ಕಾರಣ ಮತ್ತೆ ಅದೇ: ಒಂದು ಲಿಂಕ್ ಕಳಿಸಿದರೆ ಸಾಕು, ಬರುವವರು ಖಾತೆ ತೆರೆಯಬೇಕಾಗಿಲ್ಲ. ಒಂದನೇ ಕ್ಲಾಸಿನ ಮಗುವಿಗೂ, ಅದರ ಅಜ್ಜಿಗೂ ಇದು ಆಗ್ತಿತ್ತು.

ಇಷ್ಟೆಲ್ಲ ಅನುಕೂಲದ ನಡುವೆ ಒಂದನ್ನ ನಾವು ಕಳಕೊಂಡ್ವಿ. ಯಾವ ಕಂಪನಿಯ ಸಿಮ್ ಇದ್ದರೂ ಯಾವ ಕಂಪನಿಯ ನಂಬರಿಗೂ ಕರೆ ಹೋಗುತ್ತೆ, ಅದು ಹಳೆಯ ಟೆಲಿಫೋನಿನ ಗುಣ. ವಾಟ್ಸಾಪ್‌ನಿಂದ ಸಿಗ್ನಲ್‌ಗೆ ಹೋಗಲ್ಲ. ಪ್ರಯತ್ನ ಆಗಿರಲಿಲ್ಲ ಅಂತಲ್ಲ. ಗೂಗಲ್ ಟಾಕ್ 2006ರಿಂದ ಬೇರೆಯವರ ಸರ್ವರ್ ಜೊತೆಗೂ ಮಾತಾಡ್ತಿತ್ತು, 2013ರಲ್ಲಿ ಹ್ಯಾಂಗೌಟ್ಸ್ ತಂದು ಗೂಗಲ್ ಆ ಬಾಗಿಲು ಮುಚ್ಚಿತು. 2010ರಲ್ಲಿ ಸ್ಟೀವ್ ಜಾಬ್ಸ್ ಫೇಸ್‌ಟೈಮನ್ನ ಎಲ್ಲರಿಗೂ ತೆರೆದ ಮಾನದಂಡ ಮಾಡ್ತೀವಿ ಅಂತ ವೇದಿಕೆ ಮೇಲೆ ಹೇಳಿದ್ದರು, ಆಗಲೇ ಇಲ್ಲ. ಈಗ ಯುರೋಪಿನ ಕಾಯ್ದೆಯೊಂದು ದೊಡ್ಡ ಕಂಪನಿಗಳು ಸಂದೇಶ, ಕರೆ ಎರಡನ್ನೂ ಹಂತಹಂತವಾಗಿ ಬೇರೆ ಆ್ಯಪ್‌ಗಳಿಗೆ ತೆರೆಯಬೇಕು ಅಂತಿದೆ, ಸಾಲಿನಲ್ಲಿ ಕರೆಯ ಸರದಿ ಕೊನೆಯದು. ಇಂಥದ್ದು ಇಲ್ಲೂ ಬೇಕು ಅಂತ ನನ್ನ ಅಭಿಪ್ರಾಯ, ಇಲ್ಲದಿದ್ದರೆ ಕಂಪನಿ ಬಾಗಿಲು ಹಾಕಿದ ದಿನ ನಂಬರ್ ಪುಸ್ತಕವೂ ಹೋಗುತ್ತೆ.

ಸ್ಕೈಪ್ ಪೂರ್ತಿ ಹೋಗಿಲ್ಲ ಅನ್ನೋದು ನಮ್ಮ ವೃತ್ತಿಯವರಿಗೆ ಗೊತ್ತು. ಅದು ತಾನೇ ಮಾಡಿಕೊಂಡ ಸಿಲ್ಕ್ ಅನ್ನೋ ಧ್ವನಿ ತಂತ್ರವನ್ನ ಹೊರಗೆ ಬಿಟ್ಟಿತು. 2012ರಲ್ಲಿ ಮಾನದಂಡವಾದ ಓಪಸ್ ಒಳಗೆ ಅದು ಸೇರಿಕೊಂಡಿದೆ. ಬ್ರೌಸರಿನಲ್ಲಿ ನೀವು ಮಾಡೋ ಮೀಟಿಂಗುಗಳ ಧ್ವನಿ ಸಾಮಾನ್ಯವಾಗಿ ಓಪಸ್‌ನಲ್ಲೇ ಹೋಗುತ್ತೆ.

ಮೇ 5ರ ರಾತ್ರಿ ನಾನು ಆ ಹಳೇ ಲ್ಯಾಪ್‌ಟಾಪ್ ಹುಡುಕಿ ಚಾರ್ಜಿಗೆ ಹಾಕಿದೆ. ಆಗಿನ ಸ್ಕೈಪ್ ತನ್ನ ದಾಖಲೆಯನ್ನ ನಮ್ಮ ಕಂಪ್ಯೂಟರಿನಲ್ಲೇ ಒಂದು ಡೇಟಾಬೇಸ್ ಫೈಲಿನಲ್ಲಿ ಇಡ್ತಿತ್ತು. ದೊಡ್ಡಮ್ಮನ ಐಡಿಯ ಫೋಲ್ಡರ್ ಹಾಗೇ ಇತ್ತು. ಒಳಗೆ ಕರೆಗಳ ಪಟ್ಟಿ, ದಿನಾಂಕ, ಎಷ್ಟು ಸೆಕೆಂಡು. ಎಲ್ಲವೂ ಭಾನುವಾರ. ಒಂದೇ ಒಂದು ಬುಧವಾರ ಇತ್ತು. ಅದು ದೊಡ್ಡಪ್ಪ ತೀರಿಕೊಂಡ ಮಾರನೇ ದಿನ, ನಾನು ಊರಲ್ಲೇ ಇದ್ದೆ. 190 ಸೆಕೆಂಡು ಅಂತಿದೆ. ಜಗಲಿ ತುಂಬ ಜನ ಇದ್ದರು, ಚಿತ್ರ ನಿಂತುಹೋಗಿತ್ತು, ದೊಡ್ಡಮ್ಮ ಮುಖ ಅಲ್ಲಾಡಲಿ ಅಂತ ಕಾಯ್ತಾ ಕೂತಿದ್ದರು. ಆಮೇಲೆ ಅಣ್ಣ ಕಾಲಿಂಗ್ ಕಾರ್ಡ್ ಹಾಕಿ ಪಕ್ಕದ ಮನೆಯವರ ಫೋನಿಗೆ ಮಾಡಿದ.